ಕಲಸಿಕೊಟ್ಟ ಔಷಧಿಯಲ್ಲಿ ಏನೋ ಸರಿಯಿಲ್ಲ ಅನ್ನಿಸಿದರೆ: ದೋಷ ಎಲ್ಲಿದೆ ಅಂತ ಪತ್ತೆ ಹಚ್ಚುವ ಕೈಪಿಡಿ

ಕಾಂಪೌಂಡೆಡ್ ಔಷಧಿ ಅಂದರೆ ವೈದ್ಯರ ಚೀಟಿ ನೋಡಿ, ಒಬ್ಬ ರೋಗಿಗೆ ಅಂತಲೇ ಫಾರ್ಮಸಿಯಲ್ಲಿ ಕಲಸಿ ತಯಾರಿಸಿದ ಔಷಧಿ. ಮಾತ್ರೆ ನುಂಗಲಾರದ ಮಗುವಿಗೆ ಅದನ್ನೇ ದ್ರವವಾಗಿ ಮಾಡಿಕೊಡುತ್ತಾರೆ. ಲ್ಯಾಕ್ಟೋಸ್‌ಗೋ ಬಣ್ಣಕ್ಕೋ ಅಲರ್ಜಿ ಇರುವವರಿಗೆ ಅದಿಲ್ಲದ ಕ್ಯಾಪ್ಸೂಲ್ ತುಂಬುತ್ತಾರೆ. ಕಂಪನಿಗಳು ಮಾಡದ ಪ್ರಮಾಣ ಬೇಕಾದಾಗಲೂ ಇದೇ ದಾರಿ. ಕಾರ್ಖಾನೆಯ ಔಷಧಿ ಮಾರುಕಟ್ಟೆಗೆ ಬರುವ ಮುಂಚೆ ದಾಟುವ ಪರೀಕ್ಷೆಗಳನ್ನು ಇವು ದಾಟಿರುವುದಿಲ್ಲ. ಮಾಡಿದ್ದೇ ಒಂದು ಬಾಟಲಿ ಅಂದಮೇಲೆ ಅದನ್ನು ಲ್ಯಾಬ್‌ಗೆ ಕಳಿಸಿದರೆ ರೋಗಿಗೆ ಉಳಿಯುವುದೇನು? ಹಾಗಾಗಿ ಎಡವಟ್ಟಾಗಿದ್ದರೆ ಬಹಳ ಸಲ ಅದು ಮೊದಲು ಗೊತ್ತಾಗುವುದು ಬಳಸುವವರಿಗೇ.

ದೋಷ ಹುಟ್ಟುವ ಜಾಗ ಮೂರು. ಕಚ್ಚಾ ಪುಡಿ ಬಂದ ಕಡೆ, ಅದನ್ನು ತೂಗಿ ಕಲಸಿದ ಮೇಜು, ಆಮೇಲೆ ಬಾಟಲಿ ಸಾಗಿದ ಮತ್ತು ಇಟ್ಟ ಜಾಗ. ಬಣ್ಣ ಬದಲಾಗುವುದು, ತಳ ಹಿಡಿಯುವುದು, ವಾಸನೆ ಬರುವುದು ಇವೆಲ್ಲ ಕಣ್ಣು ಮೂಗಿಗೆ ಸಿಗುತ್ತವೆ. ಪ್ರಮಾಣ ತಪ್ಪಿದ್ದು, ಪುಡಿಯೇ ಬೇರೆಯಾಗಿದ್ದು, ಕ್ರಿಮಿ ಸೇರಿದ್ದು ಸಿಗುವುದಿಲ್ಲ. ಬಾಟಲಿ ಚೆನ್ನಾಗಿಯೇ ಕಾಣುತ್ತಿರುತ್ತದೆ. ಅವನ್ನು ಹಿಡಿಯಬೇಕಾದ್ದು ಲೇಬಲ್, ಲೆಕ್ಕ ಮತ್ತು ಫಾರ್ಮಸಿಯ ದಾಖಲೆಯಿಂದ. ಈ ಕೈಪಿಡಿಯಲ್ಲಿ ಆ ಭಾಗಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಎಲ್ಲಕ್ಕಿಂತ ಮೊದಲು

ಅನುಮಾನ ಬಂದ ಬಾಟಲಿಯಿಂದ ಮುಂದಿನ ಡೋಸ್ ತೆಗೆದುಕೊಳ್ಳಬೇಡಿ. ಆದರೆ ಔಷಧಿಯನ್ನೇ ಸುಮ್ನೆ ನಿಲ್ಲಿಸಿ ಕೂರಬೇಡಿ. ಇವೆರಡೂ ಬೇರೆ ಬೇರೆ. ಮೂರ್ಛೆ ರೋಗದ ಔಷಧಿ, ಹೈಡ್ರೋಕಾರ್ಟಿಸೋನ್‌ನಂಥ ಸ್ಟೀರಾಯ್ಡ್, ಬಿಪಿ ಇಳಿಸುವ ಕ್ಲೋನಿಡಿನ್ ಇವನ್ನು ಥಟ್ಟನೆ ಬಿಟ್ಟರೆ ಅದರಿಂದಲೇ ಅಪಾಯ. ಆದ್ದರಿಂದ ಕೂಡಲೇ ಫಾರ್ಮಸಿಗೆ ಅಥವಾ ವೈದ್ಯರಿಗೆ ಫೋನ್ ಮಾಡಿ, ಹೊಸ ಬಾಟಲಿ ಬರುವ ತನಕ ಏನು ಕೊಡಬೇಕು ಅಂತ ಕೇಳಿ. ಉಸಿರಾಟದ ತೊಂದರೆ, ಎಚ್ಚರ ತಪ್ಪುವುದು, ಮೂತ್ರ ಕಡಿಮೆಯಾಗುವುದು, ಚುಚ್ಚುಮದ್ದಿನ ನಂತರ ಜ್ವರದ ಜೊತೆ ಕುತ್ತಿಗೆ ಬಿಗಿಯುವುದು ಇದ್ದರೆ ಈ ಕೈಪಿಡಿ ಬದಿಗಿಟ್ಟು ಆಸ್ಪತ್ರೆಗೆ ಹೋಗಿ.

ಬಾಟಲಿಯನ್ನು ಎಸೆಯಬೇಡಿ, ಸಿಂಕ್‌ಗೆ ಸುರಿಯಬೇಡಿ. ದೋಷ ಎಲ್ಲಿಂದ ಬಂತು ಅಂತ ತೋರಿಸಬಲ್ಲ ವಸ್ತು ಅದೊಂದೇ. ಲೇಬಲ್‌ನ ಫೋಟೋ ತೆಗೆದುಕೊಳ್ಳಿ. ಹಿಂದಿನ ಸಲದ ಖಾಲಿ ಬಾಟಲಿ ಇದ್ದರೆ ಅದನ್ನೂ ಪಕ್ಕಕ್ಕೆ ತಂದಿಡಿ. ಅರ್ಧ ಪತ್ತೆದಾರಿ ಕೆಲಸ ಈ ಎರಡು ಲೇಬಲ್‌ಗಳನ್ನು ಹೋಲಿಸುವುದರಲ್ಲೇ ಮುಗಿಯುತ್ತದೆ.

ತಾರೀಖಿನಿಂದ ಶುರು ಮಾಡಿ

ಕಲಸಿದ ಔಷಧಿಗೆ ಕಾರ್ಖಾನೆಯ ಎಕ್ಸ್‌ಪೈರಿ ಡೇಟ್ ಇರುವುದಿಲ್ಲ. ಕಲಸಿದ ದಿನದಿಂದ ಎಣಿಸುವ ಬಳಕೆಯ ಗಡುವು ಇರುತ್ತದೆ, ಅದು ಗಿಡ್ಡದು. ಅಮೆರಿಕದ ಔಷಧ ಪ್ರಮಾಣ ಗ್ರಂಥವಾದ ಯುಎಸ್‌ಪಿಯ 795ನೇ ಅಧ್ಯಾಯದ ಪರಿಷ್ಕೃತ ರೂಪ 2023ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಸಂರಕ್ಷಕ (ಕ್ರಿಮಿ ಬೆಳೆಯದಂತೆ ತಡೆಯುವ ವಸ್ತು) ಹಾಕದ, ನೀರಿನಂಶ ಇರುವ ತಯಾರಿಕೆಗೆ ಫ್ರಿಜ್‌ನಲ್ಲಿ 14 ದಿನ. ಸಂರಕ್ಷಕ ಇದ್ದರೆ 35 ದಿನ. ನೀರಿಲ್ಲದೆ ಎಣ್ಣೆಯಂಥದ್ದರಲ್ಲಿ ಕಲಸಿದ, ಬಾಯಿಗೆ ಕೊಡುವ ದ್ರವಕ್ಕೆ 90 ದಿನ. ಕ್ಯಾಪ್ಸೂಲ್, ಪುಡಿಯಂಥ ಒಣ ರೂಪಕ್ಕೆ 180 ದಿನ. ಆ ಸೂತ್ರಕ್ಕೆ ಅಂತಲೇ ಪ್ರಕಟವಾದ ಸ್ಥಿರತೆಯ ಅಧ್ಯಯನ ಇದ್ದರೆ ಗಡುವು ಬದಲಾಗಬಹುದು. ಹಾಗೆ ಬದಲಾಯಿಸಿದ್ದರೆ ಫಾರ್ಮಸಿಸ್ಟ್ ಆ ಆಧಾರ ಹೇಳಬಲ್ಲವರಾಗಿರಬೇಕು.

ಬೇರೆ ದೇಶಗಳಲ್ಲಿ ಬೇರೆ ಲೆಕ್ಕ ಇರಬಹುದು. ಆದರೂ ಅಂದಾಜಿಗೆ ಇವು ಒಳ್ಳೆಯ ಅಳತೆಗೋಲು. ನೀರಿನ ಸಸ್ಪೆನ್ಷನ್ (ಪುಡಿ ಕರಗದೆ ತೇಲುವ ದ್ರವ) ಬಾಟಲಿಯ ಮೇಲೆ ಆರು ತಿಂಗಳ ಗಡುವು ಕಂಡರೆ ಪ್ರಶ್ನೆ ಕೇಳಲೇಬೇಕು. ಗಡುವೇ ಬರೆದಿಲ್ಲ ಅಂದರೆ ಆ ಫಾರ್ಮಸಿಯ ಉಳಿದ ಕೆಲಸದ ಬಗ್ಗೆಯೂ ನಾನು ಅನುಮಾನ ಪಡುತ್ತೇನೆ.

ತಳದಲ್ಲಿ ಗಸಿ ನಿಂತಿದೆ

ಸಸ್ಪೆನ್ಷನ್‌ನಲ್ಲಿ ಔಷಧಿ ಕರಗಿರುವುದಿಲ್ಲ, ಸಣ್ಣ ಕಣಗಳಾಗಿ ತೇಲುತ್ತಿರುತ್ತದೆ. ಅದು ಕೆಳಗಿಳಿಯುವುದು ಸಹಜ, ದೋಷವಲ್ಲ. ಅಲುಗಿಸಿದಾಗ ಮತ್ತೆ ಸಮನಾಗಿ ಹರಡುತ್ತದೋ ಇಲ್ಲವೋ ಅನ್ನುವುದೇ ಪ್ರಶ್ನೆ. ಅರ್ಧ ನಿಮಿಷ ಚೆನ್ನಾಗಿ ಅಲುಗಿಸಿ, ಬಾಟಲಿಯನ್ನು ತಲೆಕೆಳಗು ಮಾಡಿ, ತಳವನ್ನು ಬೆಳಕಿಗೆ ಹಿಡಿದು ನೋಡಿ. ತಳ ಖಾಲಿಯಾಗಿ ಕಂಡರೆ ಸರಿ. ಬಿಳಿ ಹೆಂಟೆ ಅಂಟಿಕೊಂಡೇ ಇದ್ದರೆ ಆ ಬಾಟಲಿ ಬಳಸುವಂತಿಲ್ಲ. ಕಡ್ಡಿ ಹಾಕಿ ಕಲಕುವುದು, ಬಿಸಿನೀರು ಸೇರಿಸುವುದು ಬೇಡ.

ಕಾರಣ ಸಾಮಾನ್ಯವಾಗಿ ಮೇಜಿನ ಮೇಲೆಯೇ ಇರುತ್ತದೆ. ಕಣ ಕೆಳಗಿಳಿಯುವ ವೇಗ ಅದರ ಅಗಲದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಅಂದರೆ ಎರಡು ಪಟ್ಟು ದಪ್ಪನೆಯ ಕಣ ನಾಲ್ಕು ಪಟ್ಟು ಬೇಗ ಇಳಿಯುತ್ತದೆ. ಮಾತ್ರೆಯನ್ನು ನುಣ್ಣಗೆ ಅರೆಯದಿದ್ದರೆ, ಅಥವಾ ತೀರಾ ತೆಳುವಾದ ದ್ರವದಲ್ಲಿ ಕಲಸಿದರೆ ಹೀಗಾಗುತ್ತದೆ. ಮನೆಯ ಕಡೆಯಿಂದಲೂ ಒಂದು ಕಾರಣ ಇರಬಹುದು: ಹೊರಗಿಡಬೇಕಾದ್ದನ್ನು ಫ್ರಿಜ್‌ನಲ್ಲಿಟ್ಟರೆ ಸ್ವಲ್ಪ ಕರಗಿದ್ದ ಭಾಗವೂ ಹರಳುಗಟ್ಟಿ ಕಣಗಳು ಬೆಳೆಯುತ್ತವೆ.

ಗಸಿ ಕಣ್ಣಿಗೆ ಬೀಳದೆ ಹೋದರೂ ಒಂದು ಸುಳಿವು ಸಿಗುತ್ತದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಹೊಸ ಬಾಟಲಿ ತೆರೆದ ಮೊದಲ ದಿನಗಳಲ್ಲಿ ರೋಗ ಹತೋಟಿಗೆ ಬರುವುದಿಲ್ಲ. ಬಾಟಲಿ ಮುಗಿಯುತ್ತಾ ಬಂದಾಗ ಮಂಪರು, ತಲೆಸುತ್ತಿನಂಥ ಅಡ್ಡ ಪರಿಣಾಮ ಶುರು. ಮತ್ತೆ ಹೊಸ ಬಾಟಲಿ, ಮತ್ತೆ ಅದೇ ಕಥೆ. ಹೀಗಾಗುತ್ತಿದ್ದರೆ ಮೇಲಿನ ಭಾಗ ಸಪ್ಪೆ, ತಳದ ಭಾಗ ಖಾರ ಅಂತಲೇ ಅರ್ಥ. ಅಲುಗಿಸದೆ ಕೊಟ್ಟಿದ್ದೀರೋ ಅಂತ ಮೊದಲು ನೋಡಿ. ಅಲುಗಿಸಿಯೂ ಹೀಗಾದರೆ ಸೂತ್ರವೇ ಸರಿಯಿಲ್ಲ.

ಕ್ರೀಮ್ ಒಡೆದಿದೆ, ಜೆಲ್ ನೀರಾಗಿದೆ

ಮೇಲ್ಗಡೆ ದಪ್ಪ ಪದರ ಕಟ್ಟಿ, ಅಲುಗಿಸಿದರೆ ಸೇರಿಕೊಂಡರೆ ಪರವಾಗಿಲ್ಲ. ಎಣ್ಣೆ ಬೇರೆ ನೀರು ಬೇರೆಯಾಗಿ ಮತ್ತೆ ಸೇರದಿದ್ದರೆ ಮುಗಿಯಿತು, ವಾಪಸ್ ಕೊಡಿ.

ಒಂದು ವಿಶೇಷ ಪ್ರಸಂಗ ಹೇಳಬೇಕು. ಚರ್ಮದ ಮೂಲಕ ಔಷಧಿ ಕೊಡಲು ಬಳಸುವ ಪೊಲೋಕ್ಸಾಮರ್ ಜೆಲ್ ಉಳಿದ ಜೆಲ್‌ಗಳಿಗೆ ಉಲ್ಟಾ. ಅದು ಕೋಣೆಯ ಬಿಸಿಯಲ್ಲಿ ಗಟ್ಟಿ, ಫ್ರಿಜ್‌ನಲ್ಲಿ ನೀರು. ಲೆಸಿಥಿನ್ ಅನ್ನುವ ಕೊಬ್ಬಿನಂಥ ವಸ್ತು ಸೇರಿಸಿದ ಜೆಲ್ ಆದರೆ ತಣ್ಣಗಾದಾಗ ಒಡೆದೂ ಹೋಗುತ್ತದೆ. ಔಷಧಿ ಅಂದರೆ ಫ್ರಿಜ್‌ನಲ್ಲಿಡಬೇಕು ಅನ್ನುವ ಅಭ್ಯಾಸದಿಂದ ಆಗುವ ಹಾನಿ ಇದು. ಲೇಬಲ್ ಹೇಳಿದ ಕಡೆ ಮಾತ್ರ ಇಡಿ. ಕೋಕೋ ಬೆಣ್ಣೆಯಲ್ಲಿ ಮಾಡಿದ ಸಪೋಸಿಟರಿ (ಗುದದ್ವಾರದಲ್ಲಿ ಇಡುವ ಗುಳಿಗೆ) ಇದಕ್ಕೆ ವಿರುದ್ಧ. ಅದು ಹೆಚ್ಚುಕಡಿಮೆ ಮೈಯ ಬಿಸಿಗೇ ಕರಗುತ್ತದೆ. ತಂಪಾದ ಜಾಗದಲ್ಲೇ ಇಟ್ಟರೂ ಮೆತ್ತಗಿದ್ದರೆ, ಮಾಡುವಾಗ ಬೆಣ್ಣೆಯನ್ನು ಅತಿಯಾಗಿ ಕಾಯಿಸಿರಬಹುದು. ಹಾಗೆ ಕಾಯಿಸಿದರೆ ಅದರ ಹರಳಿನ ಕಟ್ಟು ಬದಲಾಗಿ ಕರಗುವ ಬಿಸಿ ಇಳಿದುಬಿಡುತ್ತದೆ. ಅದು ಫಾರ್ಮಸಿಯ ತಪ್ಪು, ನಿಮ್ಮದಲ್ಲ.

ಬಣ್ಣ, ವಾಸನೆ, ಗುಳ್ಳೆ

ಬಣ್ಣ ಬದಲಾಗಿದ್ದರೆ ಎರಡು ಪ್ರಶ್ನೆ. ತಂದ ದಿನವೇ ಹೀಗಿತ್ತೋ, ಆಮೇಲೆ ಆಯಿತೋ? ತಂದ ದಿನವೇ ಹಿಂದಿನ ಬಾಟಲಿಗಿಂತ ಬೇರೆ ಇದ್ದರೆ ಫಾರ್ಮಸಿ ಬೇರೆ ರುಚಿಯ ಸಿರಪ್ ಅಥವಾ ಬೇರೆ ಬ್ರ್ಯಾಂಡ್ ಮಾತ್ರೆ ಬಳಸಿರಬಹುದು. ಒಂದು ಫೋನ್‌ನಲ್ಲಿ ತಿಳಿಯುತ್ತದೆ. ಅದನ್ನು ಕೇಳದೆ ಕೊಡಬೇಡಿ, ಬೇರೆ ಔಷಧಿಯೇ ಬಾಟಲಿಯಲ್ಲಿರುವ ಸಾಧ್ಯತೆಯೂ ಇದೆ.

ಆಮೇಲೆ ಬದಲಾದದ್ದು ಅಂದರೆ ಔಷಧಿ ಒಡೆಯುತ್ತಿದೆ. ಹೊಟ್ಟೆಯ ಆಮ್ಲ ಕಡಿಮೆ ಮಾಡುವ ಒಮೆಪ್ರಜೋಲ್ ಒಳ್ಳೆಯ ಉದಾಹರಣೆ. ಅದಕ್ಕೆ ಹುಳಿ ಆಗುವುದಿಲ್ಲ. ಅದಕ್ಕೇ ಅದನ್ನು 8.4% ಸೋಡಿಯಂ ಬೈಕಾರ್ಬನೇಟ್ ದ್ರಾವಣದಲ್ಲಿ, ಸಾಮಾನ್ಯವಾಗಿ ಮಿ.ಲೀ.ಗೆ 2 ಮಿ.ಗ್ರಾಂ ಲೆಕ್ಕದಲ್ಲಿ ಕಲಸುತ್ತಾರೆ. ಮಗು ಕುಡಿಯಲಿ ಅಂತ ಯಾರಾದರೂ ಬಾಟಲಿಗೇ ಹಣ್ಣಿನ ರಸ ಸುರಿದರೆ ಅದು ಕಂದು, ನೇರಳೆ ಬಣ್ಣಕ್ಕೆ ತಿರುಗುತ್ತದೆ. ಹೈಡ್ರೋಕ್ವಿನೋನ್ ಕ್ರೀಮ್ ಗಾಳಿ ತಾಗಿ ಕಂದಾಗುತ್ತದೆ. ಅಡ್ರಿನಾಲಿನ್ ಮೊದಲು ಗುಲಾಬಿ, ಆಮೇಲೆ ಕಂದು. ಕಂದು ಬಾಟಲಿಯಿಂದ ಬೆಳಕು ತೂರುವ ಬಿಳಿ ಗಾಜಿನ ಬಾಟಲಿಗೆ ಸುರಿದಿಟ್ಟಿದ್ದರೆ ಬೆಳಕಿನ ಮೇಲೂ ಅನುಮಾನ ಪಡಿ.

ಹುಳಿ ವಾಸನೆ, ಉಬ್ಬಿದ ಮುಚ್ಚಳ, ತೆರೆದಾಗ ಟುಸ್ ಅನ್ನುವ ಸದ್ದು ಇದ್ದರೆ ಕ್ರಿಮಿ ಬೆಳೆದಿದೆ ಅಂತಲೇ ಎಣಿಸಿ. ಬೈಕಾರ್ಬನೇಟ್ ಇರುವ ದ್ರವದಲ್ಲಿ ಸ್ವಲ್ಪ ಗಾಳಿ ಬರುವುದುಂಟು, ಅದೊಂದು ವಿನಾಯಿತಿ. ಆಗಲೂ ಫಾರ್ಮಸಿಸ್ಟನ್ನು ಕೇಳಿಯೇ ಮುಂದುವರಿಯಿರಿ. ಬಾಯಿಗಿಟ್ಟ ಸಿರಿಂಜನ್ನು ತೊಳೆಯದೆ ಮತ್ತೆ ಬಾಟಲಿಗೆ ಅದ್ದುವುದು ಒಂದು ಕಾರಣ. ಸಂರಕ್ಷಕ ಕೆಲಸ ಮಾಡದಿರುವುದು ಇನ್ನೊಂದು. ಬೆಂಜೋಯೇಟ್ ಅನ್ನುವ ಸಂರಕ್ಷಕ ಹುಳಿ ದ್ರವದಲ್ಲಿ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ, ಅದನ್ನು ಕ್ಷಾರದ ದ್ರವಕ್ಕೆ ಹಾಕಿದರೆ ಹೆಸರಿಗಷ್ಟೇ ಇದ್ದಂತೆ. ಕೆಲವೊಮ್ಮೆ ಸಂರಕ್ಷಕವನ್ನು ಬೇಕೆಂದೇ ಬಿಟ್ಟಿರುತ್ತಾರೆ. ಬೆಂಜೈಲ್ ಆಲ್ಕೊಹಾಲ್ ಅನ್ನುವ ಸಂರಕ್ಷಕ ನವಜಾತ ಶಿಶುಗಳ ಉಸಿರಿಗೇ ಸಂಚಕಾರ ತರುತ್ತದೆ ಅಂತ 1982ರಲ್ಲಿ ವರದಿಯಾದ ಮೇಲೆ ಅವರ ಔಷಧಿಗಳಲ್ಲಿ ಅದನ್ನು ದೂರವಿಡುತ್ತಾರೆ. ಅಂಥ ಬಾಟಲಿಗೆ ಗಡುವು ಗಿಡ್ಡ, ಫ್ರಿಜ್ ಕಡ್ಡಾಯ.

ನೋಡಲು ಚೆನ್ನಾಗಿದೆ, ಪರಿಣಾಮ ಮಾತ್ರ ಬೇರೆ

ನಿಜವಾದ ತಲೆನೋವು ಇಲ್ಲಿದೆ. ಇಲ್ಲಿ ಲೆಕ್ಕ ಹಾಕದೆ ಬೇರೆ ದಾರಿಯಿಲ್ಲ.

ಮೊದಲು ಸಾಂದ್ರತೆ ನೋಡಿ. ಹಳೇ ಲೇಬಲ್ ಮಿ.ಲೀ.ಗೆ 5 ಮಿ.ಗ್ರಾಂ ಅನ್ನುತ್ತದೆ, ಹೊಸದು 10 ಅನ್ನುತ್ತದೆ. ನೀವು ಅಭ್ಯಾಸದಂತೆ ಅದೇ 2 ಮಿ.ಲೀ. ಕೊಡುತ್ತಿದ್ದೀರಿ. ಡೋಸ್ ದುಪ್ಪಟ್ಟಾಯಿತು. ಫಾರ್ಮಸಿ ಬದಲಿಸಿದಾಗ, ಆಸ್ಪತ್ರೆಯಿಂದ ಮನೆಗೆ ಬಂದಾಗ ಇದು ಜಾಸ್ತಿ ಆಗುತ್ತದೆ. ಆದ್ದರಿಂದ ಡೋಸನ್ನು ಯಾವಾಗಲೂ ಮಿ.ಗ್ರಾಂನಲ್ಲಿ ನೆನಪಿಡಿ. ಮಿ.ಲೀ. ಬಾಟಲಿಯಿಂದ ಬಾಟಲಿಗೆ ಬದಲಾಗಬಹುದು.

ಚುಚ್ಚುಮದ್ದು ಆದರೆ ಇದಕ್ಕೆ ಯೂನಿಟ್ ಅನ್ನುವ ಮೂರನೇ ಗೊಂದಲವೂ ಸೇರಿಕೊಳ್ಳುತ್ತದೆ. 100 ಯೂನಿಟ್ ಇನ್ಸುಲಿನ್ ಸಿರಿಂಜ್‌ನಲ್ಲಿ 100 ಗೀಟು ಅಂದರೆ 1 ಮಿ.ಲೀ. ಮಿ.ಲೀ.ಗೆ 2.5 ಮಿ.ಗ್ರಾಂ ಇರುವ ಸೀಸೆಯಿಂದ 0.25 ಮಿ.ಗ್ರಾಂ ಬೇಕಾದರೆ 0.1 ಮಿ.ಲೀ., ಅಂದರೆ 10 ಗೀಟು. ಸೀಸೆಯಲ್ಲಿ ಮಿ.ಲೀ.ಗೆ 5 ಮಿ.ಗ್ರಾಂ ಇದ್ದರೆ 5 ಗೀಟು ಸಾಕು. ಮಧುಮೇಹಕ್ಕೂ ತೂಕ ಇಳಿಸಲೂ ಬಳಸುವ ಸೆಮಾಗ್ಲುಟೈಡ್‌ನ ಕಾಂಪೌಂಡೆಡ್ ರೂಪದಲ್ಲಿ ಇದೇ ಲೆಕ್ಕ ತಪ್ಪಿ ಕೆಲವರು 5ರಿಂದ 20 ಪಟ್ಟು ಹೆಚ್ಚು ಚುಚ್ಚಿಕೊಂಡರು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರಲ್ಲಿ ಎಚ್ಚರಿಸಿತು. ಔಷಧಿಯಲ್ಲಿ ದೋಷ ಇರಲಿಲ್ಲ, ಅಳತೆಯಲ್ಲಿತ್ತು. ಸಿರಿಂಜ್ ಕೊಡುವಾಗಲೇ ಎಷ್ಟನೇ ಗೀಟು ಅಂತ ತೋರಿಸಿ ಗುರುತು ಹಾಕಿಕೊಡದ ಫಾರ್ಮಸಿಯ ಪಾಲೂ ಅದರಲ್ಲಿದೆ ಅನ್ನುವುದು ನನ್ನ ಅಭಿಪ್ರಾಯ.

ಬಾಟಲಿ ಹೇಳಿದ ದಿನಕ್ಕಿಂತ ಬೇಗ ಮುಗಿಯಿತೋ, ತಡವಾಗಿ ಮುಗಿಯಿತೋ ಅಂತ ನೋಡಿದರೆ ಮನೆಯ ಅಳತೆಯ ತಪ್ಪು ಹೊರಬರುತ್ತದೆ. 60 ಮಿ.ಲೀ. ಬಾಟಲಿ, ದಿನಕ್ಕೆ 2 ಮಿ.ಲೀ. ಅಂದರೆ 30 ದಿನ. ಇಪ್ಪತ್ತೆರಡನೇ ದಿನಕ್ಕೇ ಖಾಲಿಯಾದರೆ ಚಮಚದಲ್ಲಿ ಕೊಡುತ್ತಿದ್ದೀರಿ ಅಂತ ಊಹಿಸಬಹುದು. ಬಾಯಿಗೆ ಹಾಕುವ ಸಿರಿಂಜ್ ಕೇಳಿ ಪಡೆಯಿರಿ.

ಅಳತೆ ಸರಿಯಿದ್ದೂ ಪರಿಣಾಮ ತಪ್ಪಿದ್ದರೆ ದೋಷ ಮೇಜಿನ ಕಡೆಗೆ ಹೋಗುತ್ತದೆ. ಅಲ್ಲಿ ಪದೇ ಪದೇ ಆಗುವ ತಪ್ಪು ಎರಡು. ಒಂದು, ಲವಣದ ಲೆಕ್ಕ. ಬಿಪಿಯ ಔಷಧಿ ಅಮ್ಲೋಡಿಪಿನ್‌ನ ಪುಡಿ ಸಿಗುವುದು ಬೆಸಿಲೇಟ್ ಲವಣವಾಗಿ, ಅಂದರೆ ಇನ್ನೊಂದು ವಸ್ತುವಿನ ಜೊತೆ ಕೂಡಿದ ರೂಪದಲ್ಲಿ. 5 ಮಿ.ಗ್ರಾಂ ಅಮ್ಲೋಡಿಪಿನ್ ಬೇಕೆಂದರೆ ಆ ಪುಡಿ ಸುಮಾರು 6.9 ಮಿ.ಗ್ರಾಂ ತೂಗಬೇಕು. ಪುಡಿಯನ್ನೇ 5 ಮಿ.ಗ್ರಾಂ ತೂಗಿದರೆ ರೋಗಿಗೆ ಸಿಗುವುದು 3.6 ಮಾತ್ರ. ಬಿಪಿ ಇಳಿಯಲಿಲ್ಲ ಅಂತ ವೈದ್ಯರು ಡೋಸ್ ಏರಿಸುತ್ತಾ ಹೋಗುತ್ತಾರೆ. ಇನ್ನೊಂದು, ಮಿಲಿಗ್ರಾಂ ಮತ್ತು ಮೈಕ್ರೋಗ್ರಾಂ ಅದಲುಬದಲು. ಅದು ಸಾವಿರ ಪಟ್ಟಿನ ತಪ್ಪು. ಥೈರಾಯ್ಡ್‌ನ ಲಯೋಥೈರೋನಿನ್, ಮಕ್ಕಳಿಗೆ ಕೊಡುವ ಕ್ಲೋನಿಡಿನ್ ಇಂಥ ಸಣ್ಣ ಡೋಸ್‌ನ ಔಷಧಿಗಳಲ್ಲಿ ಇದು ಜೀವಕ್ಕೇ ಅಪಾಯ. ಎದೆ ಡವಗುಟ್ಟುವುದು, ವಿಪರೀತ ನಿದ್ದೆ, ನಾಡಿ ನಿಧಾನವಾಗುವುದು ಹೊಸ ಬಾಟಲಿಯ ಮೊದಲ ಡೋಸ್‌ನಲ್ಲೇ ಕಂಡರೆ ಎರಡನೇ ಡೋಸ್ ಕೊಟ್ಟು ನೋಡುವ ಸಾಹಸ ಬೇಡ. ನೇರ ಆಸ್ಪತ್ರೆಗೆ, ಬಾಟಲಿಯ ಜೊತೆ.

ಫಾರ್ಮಸಿಯಲ್ಲಿ ಪ್ರತಿ ತಯಾರಿಕೆಗೂ ಒಂದು ದಾಖಲೆ ಇರಬೇಕು. ಯಾವ ಪುಡಿ, ಅದರ ಲಾಟ್ ನಂಬರ್ (ಒಟ್ಟಿಗೆ ತಯಾರಾದ ಕಂತಿನ ಗುರುತು) ಯಾವುದು, ಎಷ್ಟು ತೂಗಿದರು, ಯಾರು ತೂಗಿದರು, ಯಾರು ನೋಡಿ ಸರಿ ಅಂದರು. ಅದನ್ನು ತೆರೆದು ಲೆಕ್ಕ ಮತ್ತೊಮ್ಮೆ ಮಾಡಿ ಅಂತ ಫಾರ್ಮಸಿಸ್ಟನ್ನು ಕೇಳಿ. ಒಳ್ಳೆಯವರು ಸಿಟ್ಟಾಗುವುದಿಲ್ಲ.

ಪುಡಿ ಬಂದದ್ದೆಲ್ಲಿಂದ

ಮೇಜಿನ ಲೆಕ್ಕವೂ ಸರಿಯಿದ್ದರೆ ಉಳಿಯುವುದು ಕಚ್ಚಾ ವಸ್ತು. ಪುಡಿ ತಯಾರಕರಿಂದ ಹೊರಟು, ದೊಡ್ಡ ಡ್ರಮ್‌ನಿಂದ ಸಣ್ಣ ಡಬ್ಬಿಗೆ ತುಂಬುವ ವ್ಯಾಪಾರಿಯ ಕೈ ದಾಟಿ ಫಾರ್ಮಸಿಗೆ ಬರುತ್ತದೆ. ಜೊತೆಗೆ ಒಂದು ವಿಶ್ಲೇಷಣಾ ಪತ್ರ ಬರುತ್ತದೆ. ಅದರಲ್ಲಿ ನೋಡಬೇಕಾದ್ದು: ಪತ್ರದ ಲಾಟ್ ನಂಬರ್ ಡಬ್ಬಿಯದ್ದಕ್ಕೆ ಹೊಂದುತ್ತದೆಯೇ, ಮೂಲ ತಯಾರಕರ ಹೆಸರಿದೆಯೇ, ಪುಡಿ ಎಷ್ಟು ಶುದ್ಧ, ಎಷ್ಟು ನೀರು ಹೀರಿದೆ. ತೇವ ಹೀರಿದ ಪುಡಿಯಲ್ಲಿ ತೂಕದ ಒಂದು ಪಾಲು ನೀರೇ. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಔಷಧಿ ಸಪ್ಪೆಯಾಗುತ್ತದೆ. ಡಬ್ಬಿಯ ಮೇಲೆ ‘ಸಂಶೋಧನೆಗೆ ಮಾತ್ರ’ ಅಂತ ಇದ್ದರೆ ಅದು ಮನುಷ್ಯರ ಔಷಧಿಗೆ ಬರಲೇಬಾರದು. ಮಾತುಕತೆಗೆ ಜಾಗವಿಲ್ಲ.

ಔಷಧಿಯ ಪುಡಿಗಿಂತ ಅದನ್ನು ಕಲಸುವ ದ್ರವವೇ ಹೆಚ್ಚು ಜನರನ್ನು ಕೊಂದಿದೆಯೇನೋ ಅನ್ನಿಸುತ್ತದೆ. ಡೈಇಥಿಲೀನ್ ಗ್ಲೈಕಾಲ್ ಅನ್ನುವ ವಿಷ ಗ್ಲಿಸರಿನ್‌ನಂತೆಯೇ ತಿಳಿ, ಸಿಹಿ. 1937ರಲ್ಲಿ ಅಮೆರಿಕದಲ್ಲಿ ಸಲ್ಫಾನಿಲಮೈಡ್ ಎಂಬ ಔಷಧಿಯನ್ನು ಅದರಲ್ಲಿ ಕರಗಿಸಿ ಮಾರಿದಾಗ ನೂರಕ್ಕೂ ಹೆಚ್ಚು ಜನ ಸತ್ತರು. 2006ರಲ್ಲಿ ಪನಾಮಾದ ಸರ್ಕಾರಿ ಪ್ರಯೋಗಾಲಯ ಗ್ಲಿಸರಿನ್ ಅಂದುಕೊಂಡು ಅದನ್ನೇ ಕೆಮ್ಮಿನ ಸಿರಪ್‌ಗೆ ಬೆರೆಸಿತು. 2022ರಲ್ಲಿ ಗ್ಯಾಂಬಿಯಾದ ಮಕ್ಕಳ ಸಿರಪ್‌ಗಳಲ್ಲೂ ಅದೇ ಸಿಕ್ಕಿತು. ಪನಾಮಾದ ಡ್ರಮ್‌ಗಳ ಮೇಲೆ ಗ್ಲಿಸರಿನ್ ಅಂತಲೇ ಬರೆದಿತ್ತು, ಕಾಗದವೂ ಹಾಗೇ ಹೇಳುತ್ತಿತ್ತು. ಅದಕ್ಕೇ ಕಾಗದವನ್ನಷ್ಟೇ ನಂಬದೆ ಪ್ರತಿ ಲಾಟನ್ನೂ ಪರೀಕ್ಷೆ ಮಾಡಿಸಬೇಕು. ಈ ವಿಷಕ್ಕೆ ಯುಎಸ್‌ಪಿ ಹೇಳುವ ಮಿತಿ 0.10%. ನಿಮ್ಮ ಫಾರ್ಮಸಿ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ತರಿಸುವ ವ್ಯಾಪಾರಿ ಈ ಪರೀಕ್ಷೆ ಮಾಡಿಸುತ್ತಾನೆಯೇ ಅಂತ ಕೇಳಬಹುದು. ಸಿರಪ್ ಕುಡಿದ ಮಗುವಿಗೆ ವಾಂತಿ, ಹೊಟ್ಟೆನೋವಿನ ಜೊತೆ ಮೂತ್ರ ನಿಂತರೆ ಮನೆಯಲ್ಲಿ ಕಾರಣ ಹುಡುಕುತ್ತಾ ಕೂರುವ ಹೊತ್ತಲ್ಲ ಅದು.

ಚುಚ್ಚುಮದ್ದು, ಕಣ್ಣಿನ ಹನಿ

ಇವಕ್ಕೆ ನಿಯಮ ಬೇರೆ. ತಿಳಿಯಾಗಿರಬೇಕಾದ ದ್ರವದಲ್ಲಿ ಒಂದೇ ಒಂದು ಎಳೆ ತೇಲಿದರೂ, ಸ್ವಲ್ಪ ಮಬ್ಬಾದರೂ ಬಳಸುವಂತಿಲ್ಲ. ಕಪ್ಪು ಹಿನ್ನೆಲೆಗೆ ಒಮ್ಮೆ, ಬಿಳಿ ಹಿನ್ನೆಲೆಗೆ ಒಮ್ಮೆ ಹಿಡಿದು ನೋಡಿ. ತಿಳಿಯಾಗಿದ್ದ ಮಾತ್ರಕ್ಕೆ ಕ್ರಿಮಿ ಇಲ್ಲ ಅಂತಲೂ ಅಲ್ಲ.

2012ರಲ್ಲಿ ಅಮೆರಿಕದ ಮಸಾಚುಸೆಟ್ಸ್‌ನ ನ್ಯೂ ಇಂಗ್ಲೆಂಡ್ ಕಾಂಪೌಂಡಿಂಗ್ ಸೆಂಟರ್ ಕಳಿಸಿದ ಸ್ಟೀರಾಯ್ಡ್ ಚುಚ್ಚುಮದ್ದಿನಲ್ಲಿ ಶಿಲೀಂಧ್ರ ಸೇರಿತ್ತು. 20 ರಾಜ್ಯಗಳಲ್ಲಿ 750ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, 60ಕ್ಕೂ ಹೆಚ್ಚು ಜನ ಸತ್ತರು. ಆ ಔಷಧಿ ಸಸ್ಪೆನ್ಷನ್. ಕ್ರಿಮಿ ಸೋಸುವ 0.22 ಮೈಕ್ರಾನ್ ಜಾಲರಿಯಲ್ಲಿ ಔಷಧಿಯ ಕಣಗಳೇ ಸಿಕ್ಕಿಕೊಳ್ಳುವುದರಿಂದ ಸೋಸಲು ಆಗುವುದಿಲ್ಲ. ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ನಲ್ಲಿ ಬೇಕಾದಷ್ಟು ಹೊತ್ತು ಬೇಯಿಸಿರಲಿಲ್ಲ. ಕ್ರಿಮಿ ಪರೀಕ್ಷೆಯ ಫಲಿತಾಂಶ ಬರುವ ಮುಂಚೆಯೇ ಕೆಲವು ಲಾಟ್‌ಗಳನ್ನು ರವಾನಿಸಿದ್ದರು. ಮುಂದಿನ ವರ್ಷ ಅಮೆರಿಕದಲ್ಲಿ ಹೊಸ ಕಾನೂನು ಬಂತು. ರೋಗಿಯ ಹೆಸರಿಲ್ಲದೆ ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಬಯಸುವವರಿಗೆ ಅಂತ 503ಬಿ ಎಂಬ ಬೇರೆ ವರ್ಗವನ್ನೇ ಮಾಡಿ, ಅದಕ್ಕೆ ಸೇರಿದವರನ್ನು ಎಫ್‌ಡಿಎ ತಪಾಸಣೆಗೆ ಒಳಪಡಿಸಿದರು.

ನಿಮ್ಮ ಕೈಗೆ ಬಂದ ಸೀಸೆಯ ಬಗ್ಗೆ ಕೇಳಬೇಕಾದ ಪ್ರಶ್ನೆ ಅಲ್ಲಿಂದಲೇ ಸಿಗುತ್ತದೆ. ಕ್ರಿಮಿಯನ್ನು ಹೇಗೆ ತೆಗೆದಿರಿ, ಸೋಸಿಯೋ ಬಿಸಿ ಮಾಡಿಯೋ? ಈ ಲಾಟ್‌ನ ಕ್ರಿಮಿ ಪರೀಕ್ಷೆ ಮುಗಿದಿದೆಯೇ? ಆ ಪರೀಕ್ಷೆಗೆ ಸಾಮಾನ್ಯವಾಗಿ 14 ದಿನ ಬೇಕು. ದೊಡ್ಡ ಲಾಟ್ ಮಾಡಿ ಮಾರನೇ ದಿನವೇ ಕಳಿಸಿ, ಪರೀಕ್ಷೆ ಪಾಸಾಗಿದೆ ಅಂದರೆ ಮಾತು ಹೊಂದುವುದಿಲ್ಲ.

ದಾರಿಯಲ್ಲಿ ಕೆಟ್ಟಿತೇ?

ಫ್ರಿಜ್ ಅಂದರೆ 2ರಿಂದ 8 ಡಿಗ್ರಿ ಸೆಲ್ಸಿಯಸ್, ಕೋಣೆ ಅಂದರೆ 20ರಿಂದ 25. ಪಾರ್ಸೆಲ್‌ನ ಐಸ್ ಪ್ಯಾಕ್ ಪೂರ್ತಿ ಕರಗಿ ಬೆಚ್ಚಗಾಗಿದ್ದರೆ ತೆರೆದ ಹೊತ್ತು ಬರೆದಿಟ್ಟು ಫೋನ್ ಮಾಡಿ. ಹೆಪ್ಪುಗಟ್ಟಿ ಬಂದದ್ದೂ ಅಷ್ಟೇ ಕೆಟ್ಟದ್ದು, ಕರಗಿಸಿ ಬಳಸಬೇಡಿ. ಫ್ರಿಜ್ ಬಾಗಿಲಿನಲ್ಲಿ ಔಷಧಿ ಇಡಬೇಡಿ, ಅಲ್ಲಿ ಬಿಸಿ ಏರಿಳಿಯುತ್ತಲೇ ಇರುತ್ತದೆ.

ಫಾರ್ಮಸಿಗೆ ಫೋನ್ ಮಾಡಿದಾಗ

ಲೇಬಲ್‌ನ ನಂಬರ್, ಕಲಸಿದ ತಾರೀಖು, ಏನು ಕಂಡಿತು, ಯಾವಾಗಿನಿಂದ, ಎಲ್ಲಿಟ್ಟಿದ್ದಿರಿ, ಎಷ್ಟು ಡೋಸ್ ಹೋಗಿದೆ ಇಷ್ಟನ್ನು ಹೇಳಿ. ಆಮೇಲೆ ನೀವು ಕೇಳಿ: ಇದೇ ಲಾಟ್‌ನ ಪುಡಿಯಿಂದ ಬೇರೆ ಯಾರಿಗೆಲ್ಲ ಮಾಡಿದ್ದೀರಿ, ಅವರಿಗೆ ತಿಳಿಸುತ್ತೀರಾ? ‘ಅಲುಗಿಸಿ ಕುಡಿಸಿ, ಏನೂ ಆಗಲ್ಲ’ ಅನ್ನುವ ಉತ್ತರ ದಾಖಲೆ ನೋಡದೆಯೇ ಬಂದರೆ ಒಪ್ಪಬೇಡಿ. ವೈದ್ಯರಿಗೆ ತಿಳಿಸಿ. ದೇಶದ ಔಷಧ ನಿಯಂತ್ರಣ ಇಲಾಖೆಗೂ ದೂರು ಕೊಡಿ, ರೋಗಿಗಳೇ ನೇರ ದೂರು ಕೊಡುವ ವ್ಯವಸ್ಥೆ ಬಹಳಷ್ಟು ದೇಶಗಳಲ್ಲಿದೆ. ಬಾಟಲಿಯನ್ನು ಮುಚ್ಚಿ, ಒಂದು ಚೀಲದಲ್ಲಿ ಹಾಕಿ ಕಟ್ಟಿ, ‘ಬಳಸಬೇಡಿ’ ಅಂತ ಬರೆದು, ಲೇಬಲ್ ಹೇಳಿದ ಬಿಸಿಯಲ್ಲೇ ಇಟ್ಟಿರಿ. ಹೊರಗಿಟ್ಟು ಕೆಡಿಸಿದರೆ ಲ್ಯಾಬ್‌ಗೆ ಹೋದಾಗ ಮೊದಲಿನ ದೋಷ ಯಾವುದು, ಆಮೇಲಿನದು ಯಾವುದು ಅಂತ ಬಿಡಿಸಲು ಆಗುವುದಿಲ್ಲ.